ಇಂಡಸ್ಟ್ರಿಯಲ್ ವಿಸಿಟ್‌ಗೆ ಬೈಲುಕುಪ್ಪೆಗೆ ಹೋಗೋಣ

ಬೈಲುಕುಪ್ಪೆ ಅಂದ್ರೆ ನಮಗೆಲ್ಲ ಏನು ನೆನಪಾಗುತ್ತೆ? ಗೋಲ್ಡನ್ ಟೆಂಪಲ್, ಮೊಮೊ, ಕೂರ್ಗ್ ಟ್ರಿಪ್‌ನಲ್ಲಿ ಒಂದು ಗಂಟೆ ಸ್ಟಾಪ್, ಗ್ರೂಪ್ ಫೋಟೊ. ಕಳೆದ ಸೆಮ್ ರಜೆಯಲ್ಲಿ ನಾವು ಆರು ಜನ ಹೋಗಿದ್ದೂ ಇಷ್ಟಕ್ಕೇ. ಜೋರು ಮಳೆ ಬಂತು ಅಂತ ಒಂದು ರಗ್ ನೇಯುವ ಶೆಡ್‌ಗೆ ನುಗ್ಗಿದ್ವಿ. ಗೋಡೆ ಮೇಲೆ ಡ್ರ್ಯಾಗನ್ ಇರೋ ಒಂದು ರಗ್ ನೇತುಹಾಕಿದ್ರು. ಮೂರು ಅಡಿ ಅಗಲ, ಆರು ಅಡಿ ಉದ್ದ. ಟಿಬೆಟಿಯನ್ನರು ಇದನ್ನ ಖಾದೆನ್ ಅಂತಾರೆ, ಮಲಗೋಕೆ ಕೂರೋಕೆ ಹಾಸಿಕೊಳ್ಳೋದು. ರೇಟ್ ಕೇಳಿ ನಾನು ನಕ್ಕುಬಿಟ್ಟೆ. "ಅರ್ಧಕ್ಕೆ ಕೊಡ್ತೀರಾ ಅಮ್ಮ?" ಅಂದೆ.

ಮಗ್ಗದ ಮುಂದೆ ಕೂತಿದ್ದ ವಯಸ್ಸಾದ ಅಮ್ಮ ಬೈಯಲಿಲ್ಲ. "ಬಾ, ಇಲ್ಲಿ ಕೂತ್ಕೋ. ಒಂದು ಸಾಲು ನೋಡು, ಆಮೇಲೆ ನೀನೇ ರೇಟ್ ಹೇಳು" ಅಂದ್ರು. ನನ್ನ ಕನ್ನಡಕ್ಕಿಂತ ಅವರದೇ ಚೆನ್ನಾಗಿತ್ತು.

ನೋಡಿದೆ. ಅವತ್ತಿನಿಂದ ಒಂದು ವಿಷಯ ತಲೆ ಕೊರೀತಾ ಇದೆ. ಇಂಥದ್ದನ್ನೆಲ್ಲ ನಾವು 'ಕಲ್ಚರ್' ಅನ್ನೋ ಡಬ್ಬಿಗೆ ಹಾಕಿ ಮುಚ್ಚಿಟ್ಟಿದ್ದೇವೆ. ಆದರೆ ಅಲ್ಲಿ ನಡೀತಿರೋದು ಪಕ್ಕಾ ಪ್ರೊಡಕ್ಷನ್ ಎಂಜಿನಿಯರಿಂಗ್.

ಮಗ್ಗ ನೆಟ್ಟಗೆ ನಿಂತಿರುತ್ತೆ. ಮೇಲಿಂದ ಕೆಳಗೆ ಬಿಗಿದ ಎಳೆಗಳು ಹಾಸು, ಅಡ್ಡ ಹೋಗೋದು ಹೊಕ್ಕು. ('ಹಾಸುಹೊಕ್ಕಾಗಿದೆ' ಅಂತ ಹತ್ತನೇ ಕ್ಲಾಸಿನ ಪ್ರಬಂಧದಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಅರ್ಥ ಗೊತ್ತಾಗಿದ್ದು ಈಗ!) ಪರ್ಷಿಯನ್ ಕಾರ್ಪೆಟ್‌ನಲ್ಲಿ ಒಂದು ಗಂಟು ಹಾಕಿ, ನೂಲು ಕತ್ತರಿಸಿ, ಮುಂದಿನ ಗಂಟಿಗೆ ಹೋಗ್ತಾರೆ. ಟಿಬೆಟಿಯನ್ ರೀತಿ ಬೇರೆ. ಹಾಸಿನ ಮುಂದೆ ಅಡ್ಡಲಾಗಿ ಒಂದು ಸರಳು ಇಟ್ಕೊಳ್ತಾರೆ. ಉಣ್ಣೆ ನೂಲನ್ನ ಹಾಸಿನ ಎರಡು ಎಳೆಗಳಿಗೆ ಸುತ್ತಿ, ಸರಳಿನ ಮೇಲೆ ಹಾಯಿಸಿ, ಮತ್ತೆ ಮುಂದಿನ ಎರಡು ಎಳೆ. ಬಣ್ಣ ಬದಲಾಗೋವರೆಗೂ ನೂಲು ಕತ್ತರಿಸೋ ಮಾತೇ ಇಲ್ಲ. ಸಾಲು ತುಂಬಿದ ಮೇಲೆ ಸರಳನ್ನ ಸುತ್ತಿಗೆಯಿಂದ ಬಡಿದು ಕೂರಿಸ್ತಾರೆ. ಆಮೇಲೆ ಸರಳಿನ ಉದ್ದಕ್ಕೂ ಚಾಕು ಎಳೀತಾರೆ. ಸರ್ರಂತ ಎಲ್ಲಾ ಕುಣಿಕೆಗಳೂ ಕಟ್ ಆಗಿ ಮೆತ್ತನೆ ಕುಚ್ಚಾಗುತ್ತವೆ, ಸರಳು ಕೈಗೆ ವಾಪಸ್ ಬರುತ್ತೆ. ಹೊಕ್ಕು ಹಾಯಿಸಿ, ಬಡಿದು, ಮುಂದಿನ ಸಾಲು.

ಇಲ್ಲಿ ಏನಾಯ್ತು ನೋಡಿ. ಸಾಲಿಗೆ ನೂರಾರು ಸಲ ಕತ್ತರಿಸೋ ಬದಲು ಒಂದೇ ಎಳೆತ. ಕುಚ್ಚಿನ ಎತ್ತರವನ್ನ ಸರಳಿನ ದಪ್ಪವೇ ತೀರ್ಮಾನಿಸುತ್ತೆ, ಅಳತೆಪಟ್ಟಿ ಬೇಡ. ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಜಿಗ್ ಅಂದ್ರೇನು ಅಂತ ಡೆಫಿನಿಷನ್ ಬರೆಸಿದ್ರು, ಬಾಯಿಪಾಠ ಮಾಡಿದ್ದೆ. ಜಿಗ್ ಅಂದ್ರೆ ಆ ಸರಳು, ಅಷ್ಟೇ! ಡಿಸೈನ್ ಇರೋದು ಗ್ರಾಫ್ ಶೀಟಲ್ಲಿ, ಒಂದು ಚೌಕಕ್ಕೆ ಒಂದು ಗಂಟು. ಪಿಕ್ಸೆಲ್ ಅನ್ನಿ ಬೇಕಾದ್ರೆ.

ಬಸ್ಸಲ್ಲಿ ವಾಪಸ್ ಬರುವಾಗ ಲೆಕ್ಕ ಹಾಕಿದೆ. ಚದರ ಇಂಚಿಗೆ 60 ಗಂಟು ಅನ್ನೋದು ಈ ರಗ್‌ಗಳಲ್ಲಿ ಸಾಮಾನ್ಯ. 36 ಇಂಚು ಇಂಟು 72 ಇಂಚು ಅಂದ್ರೆ 2,592 ಚದರ ಇಂಚು. ಗಂಟುಗಳು 1,55,520. ಒಂದು ಗಂಟಿಗೆ ಮೂರೇ ಸೆಕೆಂಡ್ ಅಂತ ಇಟ್ಕೊಂಡ್ರೂ, ದಿನಕ್ಕೆ ಎಂಟು ಗಂಟೆ ತಲೆ ಎತ್ತದೆ ಕೂತ್ರೆ ಹದಿನಾರು ದಿನ. ಬಡಿಯೋದು, ಕತ್ತರಿಸೋದು ಇದರಲ್ಲಿ ಸೇರಿಲ್ಲ. ಅದಕ್ಕೂ ಮೊದಲು ಉಣ್ಣೆ ತೊಳೆದು, ಹಿಂಜಿ, ನೂಲು ತೆಗೆದು, ಬಣ್ಣ ಹಾಕಬೇಕು. ಕೊನೆಗೆ ಕತ್ತರಿ ಹಿಡಿದು ಡ್ರ್ಯಾಗನ್ ಸುತ್ತ ಕುಚ್ಚನ್ನ ಓರೆಯಾಗಿ ಕತ್ತರಿಸಿ ಚಿತ್ರ ಎದ್ದು ಕಾಣೋ ಹಾಗೆ ಮಾಡಬೇಕು. ಇಷ್ಟಕ್ಕೆ ನಾನು ಅರ್ಧ ರೇಟ್ ಕೇಳಿದ್ದೆ. ಅದೇ ವಾರ ಆನ್‌ಲೈನಲ್ಲಿ ಇಯರ್‌ಬಡ್ಸ್ ಆರ್ಡರ್ ಮಾಡಿದ್ದೆ, ಅಲ್ಲಿ ಯಾರ ಜೊತೇನೂ ಚೌಕಾಸಿ ಮಾಡಿರಲಿಲ್ಲ.

"ಮಗಾ, ಮೆಷಿನ್ ಇದೆಯಲ್ಲ, ಬಿಡೋ" ಅಂದ ಪಕ್ಕದಲ್ಲಿದ್ದ ಫ್ರೆಂಡ್. ಇದೆ. ಟಫ್ಟಿಂಗ್ ಗನ್ನಿಂದ ಬಟ್ಟೆಗೆ ನೂಲು ಚುಚ್ಚಿ, ಹಿಂದೆ ಲ್ಯಾಟೆಕ್ಸ್ ಅಂಟು ಬಳಿದು, ಮೇಲೊಂದು ಬಟ್ಟೆ ಅಂಟಿಸ್ತಾರೆ. ಮುಂದಿನಿಂದ ನೋಡಿದ್ರೆ ಒಂದೇ ಥರ. ವರ್ಷಗಳು ಹೋದ ಹಾಗೆ ಅಂಟು ಒಣಗಿ ಪುಡಿಪುಡಿ ಆಗುತ್ತೆ. ಗಂಟಿನ ರಗ್ ತಿರುಗಿಸಿ ನೋಡಿದ್ರೆ ಹಿಂದೆಯೂ ಅದೇ ಚಿತ್ರ, ಗಂಟು ಗಂಟಾಗಿ ಕಾಣುತ್ತೆ. ಮೆಷಿನ್ ಬೇಡ ಅಂತ ನಾನು ಹೇಳ್ತಿಲ್ಲ (ಮೆಕ್ಯಾನಿಕಲ್ ಓದ್ತಾ ಹಾಗೆ ಹೇಳೋಕಾಗುತ್ತಾ?). ಎರಡೂ ಒಂದೇ ಅನ್ನೋದು ಸುಳ್ಳು, ಅಷ್ಟೇ ಹೇಳ್ತಿರೋದು.

ಕೈಯಲ್ಲಿ ಮಾಡಿದ್ದೆಲ್ಲ ಪವಿತ್ರ ಅಂತಾನೂ ಅಲ್ಲ. 1959ರಲ್ಲಿ ಟಿಬೆಟ್ ಬಿಟ್ಟು ಬಂದವರು ನೇಪಾಳದಲ್ಲಿ, ಡಾರ್ಜಿಲಿಂಗಲ್ಲಿ ಈ ಮಗ್ಗ ಹೂಡಿಯೇ ಬದುಕು ಕಟ್ಟಿಕೊಂಡ್ರು. ಆಮೇಲೆ ನೇಪಾಳದಲ್ಲಿ ಇದೇ ದೊಡ್ಡ ಎಕ್ಸ್‌ಪೋರ್ಟ್ ಬಿಸಿನೆಸ್ ಆದಾಗ ಮಕ್ಕಳನ್ನೂ ಮಗ್ಗಕ್ಕೆ ಕೂರಿಸಿದ್ರು. ಕೈಲಾಶ್ ಸತ್ಯಾರ್ಥಿ 1994ರಲ್ಲಿ ರಗ್‌ಮಾರ್ಕ್ ಶುರುಮಾಡಿದ್ದು ಕಾರ್ಪೆಟ್ ಉದ್ಯಮದ ಈ ಬಾಲಕಾರ್ಮಿಕ ಪದ್ಧತಿ ನಿಲ್ಲಿಸೋಕೇ. ಹಾಗಾಗಿ ಯಾರು ನೇಯ್ದ್ರು, ಅವರಿಗೆ ಕೂಲಿ ಎಷ್ಟು ಅಂತ ಕೇಳಲೇಬೇಕು. ಆದರೆ 'ಪಾಪ, ನಿರಾಶ್ರಿತರು' ಅಂತ ಕರುಣೆಗೆ ತಗೊಳ್ಳೋದು ನನಗಂತೂ ಚೌಕಾಸಿಗಿಂತ ಕೆಟ್ಟದ್ದು ಅನ್ಸುತ್ತೆ. ಸ್ಕಿಲ್‌ಗೆ ದುಡ್ಡು ಕೊಡ್ತೀವಿ, ದಾನ ಮಾಡ್ತಿಲ್ಲ.

ತಮಾಷೆ ಅಂದ್ರೆ, ನಮ್ಮೂರುಗಳಲ್ಲಿ ಚಳಿಗಾಲದಲ್ಲಿ ಟಿಬೆಟಿಯನ್ನರ ಹತ್ರ ನಾವು ತಗೊಳ್ಳೋ ಸ್ವೆಟರ್‌ಗಳು ಹೆಚ್ಚಾಗಿ ಲೂಧಿಯಾನದ ಫ್ಯಾಕ್ಟರಿಯವು. ಅದನ್ನ 'ಟಿಬೆಟಿಯನ್ ಸ್ವೆಟರ್' ಅಂತ ಖುಷಿಯಿಂದ ಹಾಕ್ಕೊಳ್ತೀವಿ. ನಿಜವಾದ ಟಿಬೆಟಿಯನ್ ನೇಯ್ಗೆ ಕಣ್ಣೆದುರು ಇದ್ರೆ ರೇಟ್ ಕೇಳಿ ನಗ್ತೀವಿ.

ನಾವು ಹೋಗಿದ್ದ ಶೆಡ್‌ನಲ್ಲಿ ಆರು ಮಗ್ಗ ಇದ್ವು. ಹಾಸು ಬಿಗಿದಿದ್ದು ಎರಡಕ್ಕೆ ಮಾತ್ರ. ಉಳಿದ ನಾಲ್ಕರ ಮೇಲೆ ಬಟ್ಟೆ ಒಣಹಾಕಿದ್ರು. ಕಲಿಯೋಕೆ ಯಾರೂ ಬರಲ್ವಾ ಅಂತ ಕೇಳಿದ್ದಕ್ಕೆ ಅಮ್ಮ, "ಮೊಮ್ಮಗಳು ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ" ಅಂದ್ರು. ಬೇಜಾರಿನಿಂದಲ್ಲ, ಹೆಮ್ಮೆಯಿಂದ. ಅದಕ್ಕೆ ಏನು ಹೇಳಬೇಕೋ ನನಗೆ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ನಾನೂ ಅಂಥದ್ದೇ ಕೆಲಸಕ್ಕೆ ತಾನೇ ಓದ್ತಿರೋದು.

ಕಾಲೇಜು ತೆರೆದ ಮೇಲೆ ಡಿಪಾರ್ಟ್‌ಮೆಂಟ್‌ಗೆ ಹೋಗಿ, ಈ ಸಲದ ಇಂಡಸ್ಟ್ರಿಯಲ್ ವಿಸಿಟ್ ಅಲ್ಲಿಗೆ ಇಡೋಣ ಸರ್ ಅಂದೆ. "ಅದು ಇಂಡಸ್ಟ್ರಿ ಅಲ್ಲಪ್ಪ, ಪಿಕ್ನಿಕ್ ಸ್ಪಾಟು" ಅಂದ್ರು. ಸರಳು, ಚಾಕು, ಮಗ್ಗದ ಸ್ಕೆಚ್ ಬಿಡಿಸಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇಪ್ಪತ್ತು ಹೆಸರು ತಗೊಂಡು ಬಾ, ನೋಡೋಣ" ಅಂದಿದ್ದಾರೆ. ಸದ್ಯಕ್ಕೆ ಏಳಾಗಿದೆ. ಲಿಸ್ಟ್ ಕನ್ನಡ ಸಂಘದ ನೋಟಿಸ್ ಬೋರ್ಡ್‌ನಲ್ಲಿದೆ, ಯಾವ ಬ್ರ್ಯಾಂಚ್ ಆದ್ರೂ ಪರವಾಗಿಲ್ಲ.