ಉತ್ತರಕ್ಕೆ ಕಾಯುವ ಮೇಷ್ಟ್ರು ಬೇಕು

ಮಕ್ಕಳಲ್ಲಿ ಆತ್ಮವಿಶ್ವಾಸ ತುಂಬಬೇಕೆಂದು ಅನೇಕ ಶಾಲೆಗಳು ಈಗ ಭಾಷಣಕಾರರನ್ನು ಕರೆಸುತ್ತವೆ. ಒಂದು ಮಧ್ಯಾಹ್ನ ಚಪ್ಪಾಳೆ, ಘೋಷಣೆ. ಮರುದಿನ ಪಾಠ ಎಂದಿನಂತೆ. ಆದರೆ ಅಂಜುವ ಮಗುವಿನ ಅಳುಕು ಹೋಗುತ್ತದೋ ಗಟ್ಟಿಯಾಗುತ್ತದೋ ಎಂಬುದು ತೀರ್ಮಾನವಾಗುವುದು ಆ ಎಂದಿನ ಪಾಠದಲ್ಲೇ, ಅದೂ ಕೆಲವೇ ಸೆಕೆಂಡುಗಳಲ್ಲಿ.

ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ತರಗತಿಗಳ ಮಾತುಕತೆಯನ್ನು ಧ್ವನಿಮುದ್ರಿಸಿ, 1970ರ ದಶಕದಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದುದು ಸರಾಸರಿ 1 ಸೆಕೆಂಡು. ಜಾಣರೆಂದು ಎಣಿಸಿದವರಿಗೆ ತುಸು ಹೆಚ್ಚು, ಹಿಂದುಳಿದವರೆಂದುಕೊಂಡವರಿಗೆ ಇನ್ನೂ ಕಡಿಮೆ. ಯಾರಿಗೆ ಹೊತ್ತು ಬೇಕಿತ್ತೋ ಅವರಿಗೇ ಅದು ಸಿಗುತ್ತಿರಲಿಲ್ಲ! ಕಾಯುವುದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುತ್ತಿದ್ದವರೂ ಬಾಯಿಬಿಟ್ಟರು.

ಇದು ಅಮೆರಿಕದ ಮಾತಷ್ಟೇ ಅಲ್ಲ. ಇಪ್ಪತ್ತೇಳಕ್ಕೆ ಹದಿನಾಲ್ಕು ಕೂಡಿಸಲು ಎದ್ದು ನಿಂತ ಹುಡುಗಿಯ ಹೆಬ್ಬೆರಳು ಇನ್ನೂ ಬೆರಳ ಗೆಣ್ಣಿನ ಮೇಲೆ ಓಡುತ್ತಿರುತ್ತದೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ‘ಸಾರ್, ನಾನ್ ಹೇಳ್ತೀನಿ ಸಾರ್’ ಎಂದು ನಾಲ್ಕಾರು ಕೈ ಮೇಲೇಳುತ್ತವೆ. ಮೇಷ್ಟ್ರು ಅತ್ತ ತಿರುಗುತ್ತಾರೆ. ಹುಡುಗಿ ಕೂರುತ್ತಾಳೆ. ಯಾರೂ ಬೈದಿಲ್ಲ, ಹೊಡೆದಿಲ್ಲ. ಆದರೂ ‘ನನ್ನ ಕೈಲಾಗಲ್ಲ’ ಎನ್ನುವುದು ಮನಸ್ಸಿಗೆ ಇಳಿದಿರುತ್ತದೆ.

ಕರ್ನಾಟಕಕ್ಕೆ ಇದರ ಮದ್ದು ಗೊತ್ತಿಲ್ಲವೆಂದಲ್ಲ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಬೋಧನಾ ಪದ್ಧತಿ ನೋಡಿ ಬಂದ ಶಿಕ್ಷಕರು 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿ–ಕಲಿ ಎಂಬ ಕಲಿಕಾ ಕ್ರಮ ಆರಂಭಿಸಿದರು. ಮುಂದೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಅಲ್ಲಿ ಮುಂದಿನ ಸಾಲು, ಕೊನೆಯ ಬೆಂಚು ಇಲ್ಲ. ಮಕ್ಕಳು ಗುಂಪುಗಳಲ್ಲಿ ನೆಲದ ಮೇಲೆ ಕೂರುತ್ತಾರೆ. ಗೋಡೆಯ ಕೆಳಭಾಗದ ಕಪ್ಪು ಹಲಗೆಯಲ್ಲಿ ಮಗುವಿಗೂ ಬರೆಯಲು ಜಾಗ ಇರುತ್ತದೆ. ಎಲ್ಲಕ್ಕಿಂತ ದೊಡ್ಡದು ಕಲಿಕಾ ಏಣಿ, ಅಂದರೆ ಪಾಠವನ್ನು ಮೆಟ್ಟಿಲುಗಳಾಗಿ ಒಡೆದು ಪ್ರತಿ ಮಗುವೂ ತನ್ನ ವೇಗದಲ್ಲಿ ಏರುವ ಕ್ರಮ. ಅಪ್ಪ–ಅಮ್ಮನ ಜೊತೆ ಕೂಲಿಗೆ ವಲಸೆ ಹೋಗಿ ತಿಂಗಳ ಬಳಿಕ ಮರಳಿದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಅದು ‘ಹಿಂದುಳಿದ’ ಮಗುವಲ್ಲ, ಆ ಮೆಟ್ಟಿಲಿನ ಮಗು ಅಷ್ಟೆ. ಮಗುವಿಗಾಗಿ ಕಾಯುವ, ಅದರ ಮರ್ಯಾದೆ ಉಳಿಸುವ ಇಂಥ ಏರ್ಪಾಡು ಹೆಮ್ಮೆ ಪಡುವಂಥದ್ದು.

ತೊಂದರೆ ನಾಲ್ಕನೇ ತರಗತಿಯದು. ನಲಿ–ಕಲಿ ಮೂರಕ್ಕೇ ಮುಗಿಯುತ್ತದೆ. ಆಮೇಲೆ ಎಲ್ಲರಿಗೂ ಒಂದೇ ಪುಟ, ಒಂದೇ ವೇಗ, ಮುಗಿಸಲೇಬೇಕಾದ ಪೋರ್ಷನ್.

ಅಲ್ಲಿಗೂ ಕಾಯುವ ಅಭ್ಯಾಸ ದಾಟಬೇಕು. ಶಿಕ್ಷಕರ ತರಬೇತಿಗಳಲ್ಲಿ ಇದನ್ನು ಮಾಡಿ ತೋರಿಸಲಿ. ಶಾಲೆಗೆ ಬರುವ ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ‘ಪಾಠ ಎಲ್ಲಿಗೆ ಬಂತು’ ಎಂಬುದರ ಜೊತೆಗೆ ‘ಈ ವಾರ ಯಾವ ಮಗು ಬಾಯಿಬಿಟ್ಟಿಲ್ಲ’ ಎಂದೂ ಕೇಳಲಿ. ಅದರ ಜೊತೆಗೇ ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕದ ಹೊರೆಯನ್ನು ಸರ್ಕಾರ ಮೇಷ್ಟ್ರ ತಲೆಯಿಂದ ಇಳಿಸಲಿ. ತಮಗೇ ಪುರುಸೊತ್ತಿಲ್ಲದವರು ಮಗುವಿಗಾಗಿ ಕಾಯಲಿ ಎಂದು ಕೇಳುವುದು ನ್ಯಾಯವಲ್ಲ.