ಬಿಳಿ ಡಬ್ಬಿ ಎಲ್ಲೈತ್ರೀ ಡಾಕ್ಟ್ರೇ?

ಮುದ್ದೇಬಿಹಾಳವಿರಲಿ, ತಾಳಿಕೋಟೆ, ನಾಲತವಾಡವಿರಲಿ, ಜ್ವರ ಬಂದವನು ಬರೀ ಗುಳಿಗೆಗೆ ಒಪ್ಪುವುದಿಲ್ಲ. ‘ಒಂದ್ ಸೂಜಿ ಮಾಡ್ರಿ ಸರ, ನಾಳೆ ಹೊಲಕ್ಕ ಹೋಗ್ಬೇಕು’ ಅನ್ನುತ್ತಾನೆ. ಡಾಕ್ಟರೂ ಬೇಡ ಅನ್ನುವುದಿಲ್ಲ. ಚುಚ್ಚಿದ್ದಾಯಿತು, ರೊಕ್ಕ ಬಂತು, ರೋಗಿ ಬಾಗಿಲು ದಾಟಿದ. ಆ ಸೂಜಿ?

ಮೇಜಿನ ಕೆಳಗಿನ ಬುಟ್ಟಿಗೆ. ಸಂಜೆ ಚಹಾದ ಕಪ್ಪು, ಬಾಳೆಹಣ್ಣಿನ ಸಿಪ್ಪೆ, ರಕ್ತ ಹತ್ತಿದ ಅರಳೆ, ಸಲಾಯಿನ್ ಪೈಪು ಎಲ್ಲ ಒಂದೇ ಕ್ಯಾರಿಬ್ಯಾಗಿನಲ್ಲಿ ಗಂಟು ಬಿದ್ದು ಓಣಿಯ ತಿಪ್ಪೆ ಸೇರುತ್ತವೆ. ಬೆಳಗ್ಗೆ ಅದಕ್ಕೆ ಕೈ ಹಾಕುವವಳು ಪೌರಕಾರ್ಮಿಕ ಹೆಣ್ಣುಮಗಳು. ಕ್ಯಾರಿಬ್ಯಾಗು ಹರಿದು ಹೊರಗೆ ಚಾಚಿದ ಸೂಜಿಯ ತುದಿ ನಸುಕಿನ ಬೆಳಕಿಗೆ ಕಾಣುವುದಿಲ್ಲ. ಅವಳ ಬಟ್ಟೆಯ ಕೈಗವಸು ಅದನ್ನು ತಡೆಯುವುದೂ ಇಲ್ಲ. ನೇಮದಿಂದ ನಡೆಯುವ ದವಾಖಾನೆಗಳೂ ಇವೆ. ಈ ಬೈಗುಳ ಅವರಿಗಲ್ಲ.

ಹೀಗೆ ಸೂಜಿ ಎಸೆಯುವುದನ್ನು ನಿರ್ಲಕ್ಷ್ಯ ಅಂತ ಕರೆಯಲು ನನಗೆ ಮನಸ್ಸಿಲ್ಲ. ಹೆಪಟೈಟಿಸ್ ಬಿ ವೈರಸ್ಸು ದೇಹದ ಹೊರಗೂ ಏಳು ದಿನ ಬದುಕಿರಬಲ್ಲದು. ಲಸಿಕೆ ಹಾಕಿಸಿಕೊಳ್ಳದವರಿಗೆ ಸೋಂಕಿತನ ಸೂಜಿ ಚುಚ್ಚಿದರೆ 100ಕ್ಕೆ 30 ಜನರವರೆಗೂ ತಗಲಬಹುದು. ಎಂ.ಬಿ.ಬಿ.ಎಸ್. ಓದಿದವನಿಗೆ ಇದು ಗೊತ್ತಿಲ್ಲವೇ? ಗೊತ್ತಿದ್ದೂ ಎಸೆಯುತ್ತಾನೆ, ಯಾಕೆಂದರೆ ಚುಚ್ಚಿಸಿಕೊಳ್ಳುವ ಕೈ ಯಾವ ಕೇರಿಯದು ಅನ್ನುವುದೂ ಅವನಿಗೆ ಗೊತ್ತು. ಬಸವಣ್ಣ ಹುಟ್ಟಿದ ಬಾಗೇವಾಡಿ ಪಕ್ಕದಲ್ಲೇ ಇದೆ. ಜಯಂತಿ ದಿನ ಕಾಯಕದ ಮೇಲೆ ಭಾಷಣ ಬಿಗಿಯುವವರಲ್ಲಿ ಇಂಥವರೂ ಇರುತ್ತಾರೆ, ಶಾಲು ಹೊದ್ದುಕೊಂಡು.

ಕಾನೂನಿಗೇನೂ ಬರವಿಲ್ಲ. ಆಸ್ಪತ್ರೆಯ ಕಸಕ್ಕೆ, ಅಂದರೆ ಜೈವಿಕ ವೈದ್ಯಕೀಯ ತ್ಯಾಜ್ಯಕ್ಕೆ, 1998ರಲ್ಲೇ ನಿಯಮ ಬಂತು, 2016ರಲ್ಲಿ ಇನ್ನೂ ಬಿಗಿಯಾಯಿತು. ಸೂಜಿ, ಬ್ಲೇಡು ಎಲ್ಲ ತೂತು ಬೀಳದ, ಸೋರದ ಬಿಳಿ ಡಬ್ಬಿಗೇ ಹೋಗಬೇಕು. ಅಲ್ಲಿಂದ ಆಟೋಕ್ಲೇವ್ ಯಂತ್ರದ ಬಿಸಿ ಹಬೆಯಲ್ಲಿ ಬೆಂದು, ಪುಡಿಯಾಗಿ, ಕಬ್ಬಿಣದ ಫೌಂಡ್ರಿಗೋ ಕಾಂಕ್ರೀಟ್ ಗುಂಡಿಗೋ ಸೇರಬೇಕು. ಒಂದು ಲಸಿಕೆ ಶಿಬಿರಕ್ಕೂ, ದನದ ದವಾಖಾನೆಗೂ ಇದೇ ನಿಯಮ. ‘ಆಸ್ಪತ್ರಿ ಕಸದ ಗಾಡಿ ನಮ್ಮ ಕಡೆ ಬರೂದಿಲ್ರೀ’ ಅನ್ನುವುದು ಸಬೂಬು. ಗಾಡಿ ಬರದಿದ್ದರೆ ಡಬ್ಬಿಯಲ್ಲಿ ಇಟ್ಟುಕೋ, ಬರುವವರೆಗೆ ಜಗಳಾಡು. ತಿಪ್ಪೆಗೆ ಎಸೆ ಅಂತ ಯಾವ ನಿಯಮ ಹೇಳಿದೆ?

ಎಸೆದ ಸಿರಿಂಜು ತಿಪ್ಪೆಯಲ್ಲೇ ಸಾಯುವುದೂ ಇಲ್ಲ, ಮತ್ತೆ ಬಳಕೆಗೂ ಬರಬಹುದು. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಚುಚ್ಚಿ ಹೆಪಟೈಟಿಸ್ ಬಿ ಹಬ್ಬಿತು, ಹತ್ತಾರು ಜನ ಸತ್ತರು.

ಈಗ ಶಿಕ್ಷೆಯ ಮಾತು. ಈ ನಿಯಮಗಳಿಗೆ ಆಧಾರವಾದ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಐದು ವರ್ಷದವರೆಗೆ ಜೈಲಿತ್ತು. 2023ರ ಜನ ವಿಶ್ವಾಸ್ ತಿದ್ದುಪಡಿ ಅದನ್ನು ಕಿತ್ತು ಹತ್ತು ಸಾವಿರದಿಂದ ಹದಿನೈದು ಲಕ್ಷದವರೆಗಿನ ದಂಡ ಮಾಡಿತು. ಯಾರ ವಿಶ್ವಾಸ ಗಳಿಸಲು ಈ ತಿದ್ದುಪಡಿ ಮಾಡಿದಿರಿ ಸ್ವಾಮಿ?

ಇದಕ್ಕಿಂತ ಹೊಟ್ಟೆ ಉರಿಸುವುದು 2016ರ ನಿಯಮದೊಳಗೇ ಇದೆ. ‘ದೊಡ್ಡ ಅಪಘಾತ’ ಯಾವುದು ಎಂದು ವಿವರಿಸುವಲ್ಲಿ, ಸೂಜಿ ಚುಚ್ಚಿದ ಗಾಯ ಅದರಲ್ಲಿ ಬರುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಅದೇನಿದ್ದರೂ ಆಸ್ಪತ್ರೆಯ ವಾರ್ಷಿಕ ವರದಿಯ ಒಂದು ಸಾಲು. ನರ್ಸಮ್ಮನಿಗೆ ಚುಚ್ಚಿದರೆ ಆ ಸಾಲಾದರೂ ಸಿಗಬಹುದು. ತಿಪ್ಪೆ ಬಾಚುವವಳು ಯಾವ ಆಸ್ಪತ್ರೆಯವಳು? ಅವಳ ಬೆರಳು ಯಾರ ವರದಿಯಲ್ಲಿದೆ? ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು ಅಂತ ಅವಳಿಗೆ ಹೇಳಿದವರು ಯಾರು? ಅವಳು ಬೆರಳನ್ನು ಸೀರೆ ಸೆರಗಿಗೆ ಒರೆಸಿ ಮುಂದಿನ ಓಣಿಗೆ ಹೋಗುತ್ತಾಳೆ.

ಪುರಸಭೆಯ ಮುಖ್ಯಾಧಿಕಾರಿಗಳೇ, ತಾಲ್ಲೂಕು ಆರೋಗ್ಯಾಧಿಕಾರಿಗಳೇ, ಜಾಗೃತಿ ಜಾಥಾ ಬೇಡ, ಬ್ಯಾನರ್ ಬೇಡ. ಎಲ್ಲ ಪೌರಕಾರ್ಮಿಕರಿಗೂ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸು ಹಾಕಿಸಿ. ಗುತ್ತಿಗೆಯವರನ್ನೂ ಬಿಡಬೇಡಿ. ತಿಪ್ಪೆಯಲ್ಲಿ ಸೂಜಿ ಸಿಕ್ಕರೆ ಅದರ ಜೊತೆಗಿನ ಚೀಟಿ, ಬಿಲ್ಲು ಹಿಡಿದು ದವಾಖಾನೆ ಹುಡುಕಿ ನೋಟಿಸ್ ಕೊಡಿ, ಆ ದವಾಖಾನೆಯ ಹೆಸರನ್ನು ಪುರಸಭೆಯ ಬೋರ್ಡಿನ ಮೇಲೆ ಬರೆಯಿರಿ. ಮನೆ ಕರ ಕಟ್ಟದವರ ಹೆಸರು ಹಾಕಲು ನಿಮಗೆ ಬರುತ್ತದಲ್ಲ, ಅಷ್ಟೇ ದೊಡ್ಡ ಅಕ್ಷರದಲ್ಲಿ.