ಚೀಲದೊಳಗೆ ಏನಿದೆ ಎಂದು ಕೇಳದವರು

ಕುಮಟಾ ಮಾರುಕಟ್ಟೆಗೆ ಅಡಿಕೆ ಒಯ್ದರೆ ಚೀಲಕ್ಕೆ ಕೈ ಹಾಕಿ ನೋಡದೆ ಯಾವ ವ್ಯಾಪಾರಿಯೂ ದರ ಹೇಳುವುದಿಲ್ಲ. ಹಳೆ ಚಾಲಿ, ಹೊಸ ಚಾಲಿ, ಕೋಕಾ, ಚಿಪ್ಪು, ಫ್ಯಾಕ್ಟರಿ ಎಂದು ವಿಂಗಡವಾಗಿಯೇ ಬೆಲೆ ಕಟ್ಟುವುದು. ಅದನ್ನು ನಾವೂ ಒಪ್ಪಿದ್ದೇವೆ. ಅದೇ ಬೆಳೆಗಾರ ಮರಳುವಾಗ ಕಪ್ಪು ಪುಡಿ ತುಂಬಿದ ಚೀಲಗಳನ್ನು ಗಾಡಿಗೆ ಹೇರಿಸಿಕೊಂಡು ಬರುತ್ತಾನೆ. ಮೇಲೆ ಹಸಿರು ಎಲೆಯ ಚಿತ್ರ, ‘ಶುದ್ಧ ಸಾವಯವ’ ಎಂಬ ದಪ್ಪ ಅಕ್ಷರ. ತಯಾರಿಸಿದವರ ವಿಳಾಸವಿಲ್ಲ, ಸಾರಜನಕ ಎಷ್ಟೆಂದಿಲ್ಲ. ಕೇಳಿದರೆ ‘ಸಾವಯವ ಅಲ್ವಾ, ಹಾಕಿದ್ರೆ ನಷ್ಟ ಏನಿಲ್ಲ’ ಎಂಬ ಉತ್ತರ. ಭಟ್ಕಳದಿಂದ ಕುಮಟೆಯವರೆಗೆ ಈ ಮಾತು ಬೇರೂರಿದೆ. ಮಾತು ಸುಳ್ಳು.

ಕಾನೂನು ಇಲ್ಲವೆಂದು ಯಾರೂ ನೆಪ ಹೇಳುವ ಹಾಗಿಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಸಾವಯವ ಗೊಬ್ಬರಗಳನ್ನು 2006ರಲ್ಲೇ ಸೇರಿಸಲಾಗಿದೆ. ಎರೆಗೊಬ್ಬರದಲ್ಲಿ ತೇವಾಂಶ ಶೇ. 15ರಿಂದ 25ರ ನಡುವೆ ಇರಬೇಕು, ಸಾವಯವ ಇಂಗಾಲ ಕನಿಷ್ಠ ಶೇ. 18, ಸಾರಜನಕ ಕನಿಷ್ಠ ಶೇ. 1. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್‌ಗಳಿಗೆ ಗರಿಷ್ಠ ಮಿತಿ ಇದೆ. ಪಟ್ಟಣದ ಹಸಿ ಕಸದಿಂದ ಮಾಡಿದ ಕಾಂಪೋಸ್ಟಿಗೆ ಆರ್ಸೆನಿಕ್, ಪಾದರಸದ ಮಿತಿಯೂ ಸೇರಿ ಇನ್ನಷ್ಟು ಕಟ್ಟುನಿಟ್ಟು. ಈ ಆದೇಶದ ಹಿಂದಿರುವುದು ಅಗತ್ಯ ವಸ್ತುಗಳ ಕಾಯ್ದೆ. ಉಲ್ಲಂಘಿಸಿದವರಿಗೆ 7 ವರ್ಷದವರೆಗೂ ಸೆರೆವಾಸ ವಿಧಿಸಬಹುದು. ಎಲೆಗೆ ಹೊಡೆಯುವ ‘ಟಾನಿಕ್’ ಬಾಟಲಿಗಳಿಗೂ 2021ರಿಂದ ಇದೇ ಆದೇಶ ಅನ್ವಯ.

ಇಷ್ಟು ಅಂಕಿಗಳಿಂದ ನಮಗೇನಾಗಬೇಕು ಎನ್ನುವವರು ಲೆಕ್ಕ ಹಾಕಿ ನೋಡಲಿ. ಫಸಲು ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಬೇಕೆಂದು ಶಿಫಾರಸು. 50 ಕಿಲೋ ಎರೆಗೊಬ್ಬರ ಕನಿಷ್ಠ ಮಟ್ಟ ಮುಟ್ಟಿದರೆ ಅದರಲ್ಲಿ ಸಿಗುವುದು ಅರ್ಧ ಕಿಲೋ, ಅಂದರೆ ಐದು ಮರದ ಪಾಲು. ಚೀಲದಲ್ಲಿ ಅರ್ಧದಷ್ಟು ಕೆಂಪು ಮಣ್ಣೇ ಬೆರೆತಿದ್ದರೆ ಎರಡೂವರೆ ಮರಕ್ಕಷ್ಟೇ ಸಾಕಾದೀತು. ತೇವಾಂಶ ಶೇ. 50 ಇದ್ದರೆ 25 ಕಿಲೋ ನೀರಿಗೆ ದುಡ್ಡು ಕೊಟ್ಟು, ಅದರ ಸಾಗಣೆಗೂ ಕೊಟ್ಟು ತಂದಂತಾಯಿತು. ಮಳೆಗಾಲದಲ್ಲಿ ಆಕಾಶವೇ ಪುಕ್ಕಟೆ ಸುರಿಯುವ ಈ ಕರಾವಳಿಯಲ್ಲಿ!

ನಷ್ಟ ದುಡ್ಡಿನದಷ್ಟೇ ಅಲ್ಲ. ಪೂರ್ತಿ ಕಳಿಯದ ಕಾಂಪೋಸ್ಟಿನಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದು ಬುಡ ಸೇರಿದಾಗ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಗೊಬ್ಬರ ಹಾಕಿದ ಮೇಲೂ ಮಲ್ಲಿಗೆಯ ಚಿಗುರು ಬಿಳಿಚಿಕೊಂಡರೆ ಭಟ್ಕಳದ ಬೆಳೆಗಾರರು ಮೊದಲು ಶಂಕಿಸಬೇಕಾದದ್ದು ಗೊಬ್ಬರದ ಚೀಲವನ್ನು. ನಗರ ಕಾಂಪೋಸ್ಟಿನಲ್ಲಿ ಇಂಗಾಲ-ಸಾರಜನಕದ ಅನುಪಾತ 20ಕ್ಕಿಂತ ಕಡಿಮೆ ಇರಬೇಕೆಂಬ ನಿಯಮ ಹುಟ್ಟಿದ್ದು ಇದಕ್ಕಾಗಿಯೇ. ಉಪ್ಪಿನ ವಿಷಯದಲ್ಲಂತೂ ನಾವು ಎಚ್ಚರ ತಪ್ಪಲೇಬಾರದು. ಮೀನಿನ ತ್ಯಾಜ್ಯ ಬೆರೆತ ಗೊಬ್ಬರ ನಮ್ಮಲ್ಲಿ ಸಹಜ. ಉಪ್ಪಿನಂಶ ಅಳೆಯದೆ ಅದನ್ನು ಈರುಳ್ಳಿ ಗದ್ದೆಗೆ ಸುರಿಯುವುದು ಅಪರಾಧಕ್ಕೆ ಸಮ. ಉಪ್ಪು ತಡೆಯುವ ಕಗ್ಗ ಭತ್ತ ಅಘನಾಶಿನಿಯ ಗಜನಿಯಲ್ಲಿ ನಿಂತೀತು. ಈರುಳ್ಳಿ ನಿಲ್ಲುವುದಿಲ್ಲ. ಕುಮಟೆಯ ಸಿಹಿ ಈರುಳ್ಳಿಯ ಹೆಸರು ಎಷ್ಟು ತಲೆಮಾರಿನ ದುಡಿಮೆ!

ಹಿಂದೆ ಈ ಪ್ರಶ್ನೆ ಏಳುತ್ತಿರಲಿಲ್ಲ, ನಿಜ. ಬೆಟ್ಟದ ಸೊಪ್ಪು, ದರಕು, ಕೊಟ್ಟಿಗೆಯ ಸಗಣಿ, ಎಲ್ಲವೂ ಕಣ್ಣೆದುರೇ ಗುಂಡಿಗೆ ಬೀಳುತ್ತಿದ್ದವು. ಕೊಟ್ಟಿಗೆ ಖಾಲಿಯಾಯಿತು, ಸೊಪ್ಪು ತರುವ ಆಳು ಸಿಗುವುದಿಲ್ಲ, ಕೊಳ್ಳುವುದು ಅನಿವಾರ್ಯವೇ. ಆದರೆ ಮನೆಯ ಗುಂಡಿಯ ಮೇಲಿದ್ದ ನಂಬಿಕೆಯನ್ನು ಯಾವುದೋ ಊರಿನಿಂದ ಲಾರಿಯಲ್ಲಿ ಬಂದ ಚೀಲದ ಮೇಲೆ ಇಟ್ಟದ್ದು ಸೋಮಾರಿತನ. ಬೋರ್ಡೋ ದ್ರಾವಣಕ್ಕೆ ಕಬ್ಬಿಣದ ಕತ್ತಿ ಅದ್ದಿ, ಕೆಂಪಡರಿದರೆ ಸುಣ್ಣ ಸಾಲದೆಂದು ತಿಳಿಯುವ ನಾವು ಪರೀಕ್ಷೆ ಗೊತ್ತಿಲ್ಲದ ಜನವೇನಲ್ಲ.

ಸೊಸೈಟಿಗಳ ನಿರ್ದೇಶಕರ ಹೊಣೆ ಇನ್ನೂ ದೊಡ್ಡದು. ಸದಸ್ಯರ ವಿಶ್ವಾಸದ ಮೇಲೆ ಗೊಬ್ಬರ ತರಿಸಿ ಹಂಚುವವರು ‘ಕಂಪನಿಯವರು ಒಳ್ಳೆಯವರು’ ಎಂದು ಕೈ ತೊಳೆದುಕೊಳ್ಳಬಾರದು. ಆ ಲೋಡಿನದೇ ಪ್ರಯೋಗಾಲಯ ವರದಿ ಕೇಳಿ ಪಡೆಯುವುದು ಅವರ ಕರ್ತವ್ಯ. ಮಾದರಿ ತೆಗೆಯುವ ಅಧಿಕಾರವುಳ್ಳ ಕೃಷಿ ಇಲಾಖೆಯ ಪರಿವೀಕ್ಷಕರೂ ಯೂರಿಯಾ ದಾಸ್ತಾನು ಎಣಿಸಿದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಕಾಂಪೋಸ್ಟಿನ ಚೀಲವೂ ಅವರ ವ್ಯಾಪ್ತಿಯದೇ. ದೂರು ಬಂದಿಲ್ಲ ಎಂಬುದು ಉತ್ತರವಲ್ಲ. ದೂರು ಕೊಡದ ತಪ್ಪು ನಮ್ಮದು, ತಪಾಸಣೆ ಮಾಡದ ತಪ್ಪು ಅವರದು.

ಸೆಪ್ಟೆಂಬರಿನ ಸೊಸೈಟಿ ಮಹಾಸಭೆಯಲ್ಲಿ ಲಾಭಾಂಶದ ಚರ್ಚೆಗೆ ಮೊದಲು ಕಳೆದ ವರ್ಷ ಮಾರಿದ ಸಾವಯವ ಗೊಬ್ಬರದ ಪರೀಕ್ಷಾ ವರದಿ ಮುಂದಿಡಿ ಎಂದು ಸದಸ್ಯರು ಕೇಳಬೇಕು. ವರದಿ ಇಲ್ಲದಿದ್ದರೆ ಆ ತಯಾರಕನಿಂದ ಖರೀದಿ ನಿಲ್ಲಿಸುವ ಠರಾವನ್ನು ಅಲ್ಲೇ ಬರೆಸಬೇಕು. ಅಂಗಡಿಯಲ್ಲಿ ಕೊಳ್ಳುವವರು ತಯಾರಕರ ಹೆಸರು, ಪೋಷಕಾಂಶದ ಪ್ರಮಾಣ, ನಿವ್ವಳ ತೂಕ ಮುದ್ರಿಸದ ಚೀಲವನ್ನು ಗಾಡಿಗೆ ಏರಿಸಕೂಡದು. ಬಿಲ್ ಕೊಡಲು ಒಲ್ಲದವರ ಅಂಗಡಿಯಿಂದ ಬರಿಗೈಯಲ್ಲಿ ಹೊರಬನ್ನಿ, ಬಂದವರೇ ನೇರ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಲಿಖಿತ ದೂರು ಕೊಡಿ.